ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ .22 ತರಬೇತಿ ರೈಫಲ್

ಸಿಪಾಯಿಗಳಿಗೆ ಕಡಿಮೆ ಖರ್ಚಿನಲ್ಲಿ ಗುರಿ ಕಲಿಸಲು ಬ್ರಿಟಿಷ್ ಸೇನೆ ತನ್ನ .303 ಲೀ-ಎನ್‌ಫೀಲ್ಡ್ ಬಂದೂಕನ್ನೇ .22ಕ್ಕೆ ಇಳಿಸಿಕೊಂಡಿತು (ಈ ಅಂಕಿಗಳು ನಳಿಗೆಯ ಒಳ ಅಗಲ, ಇಂಚಿನಲ್ಲಿ). 1926ರಲ್ಲಿ ಹೆಸರುಗಳನ್ನು ಬದಲಿಸಿದಾಗ .303ಗೆ ನಂ.1 ಎಂದೂ ಈ .22ಕ್ಕೆ ನಂ.2 ಮಾರ್ಕ್ 4 ಎಂದೂ ಹೆಸರಾಯಿತು. ಸೇನೆ ಕೈಬಿಟ್ಟ ಈ ರೈಫಲ್‌ಗಳು ಕೆನಡಾ, ಆಸ್ಟ್ರೇಲಿಯಾ, ಇಂಗ್ಲೆಂಡಿನಲ್ಲಿ ಇಂದಿಗೂ ಕೈ ಬದಲಾಯಿಸುತ್ತಿವೆ. ಅಲ್ಲಿನ ಕನ್ನಡಿಗರಿಂದಲೂ ಎನ್‌ಸಿಸಿಯಲ್ಲಿ ಇದನ್ನು ಹಿಡಿದವರಿಂದಲೂ ಬಂದ ಪ್ರಶ್ನೆಗಳು ಈ ಬಾರಿ.

ಪ್ರಶ್ನೆ: ನಂ.2 ರೈಫಲ್ ಒಂದು ಮಾರಾಟಕ್ಕಿದೆ. ಕೊಳ್ಳುವ ಮೊದಲು ಏನೇನು ನೋಡಬೇಕು? (ಟೊರಾಂಟೊ)

ಮರದ ಹೊಳಪು ಆಮೇಲೆ. ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ, ಹಿಡಿಯಿರುವ ಸರಳು) ತೆಗೆದು, ಬಿಳಿ ಕಾಗದವನ್ನು ಬೆಳಕಿಗೆ ಹಿಡಿದು, ಹಿಂದಿನಿಂದ ನಳಿಗೆಯೊಳಗೆ ನೋಡಿ. ಹಳೆಯ ತೋಟಾಗಳ ಪ್ರೈಮರ್ ಮಸಾಲೆ (ತೋಟಾವನ್ನು ಮೊದಲು ಸಿಡಿಸುವ ಮದ್ದು) ಸುಟ್ಟುಳಿದದ್ದು ಉಪ್ಪಿನಂತೆ ತೇವ ಎಳೆದುಕೊಳ್ಳುತ್ತಿತ್ತು, ಆದ್ದರಿಂದ ಒಳಗೆ ತುಕ್ಕಿನ ಕುಳಿಗಳಿರಬಹುದು. ಅಲ್ಲೊಂದು ಇಲ್ಲೊಂದು ಸಣ್ಣ ಕುಳಿ ಇದ್ದರೂ ರೈಫಲ್ ಚೆನ್ನಾಗಿಯೇ ಹೊಡೆಯುತ್ತದೆ. ನಿಜವಾದ ಹಾನಿ ಹೆಚ್ಚಾಗಿ ಗುಂಡು ಹೊರಬರುವ ಬಾಯಿಯ ಕಡೆ ಇರುತ್ತದೆ. ನಳಿಗೆ ಒರೆಸುವ ಪುಲ್‌ಥ್ರೂ ಹಗ್ಗವನ್ನು ನೇರವಾಗಿ ಎಳೆಯದೆ ಓರೆಯಾಗಿ ಎಳೆದೆಳೆದು ನಳಿಗೆಯ ಬಾಯಿ ಒಂದೇ ಬದಿಗೆ ಸವೆದಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ದುಂಡಗಿರಬೇಕಾದ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿರುವುದು ಕಾಣುತ್ತದೆ. ಅಂಥದ್ದನ್ನು ಬಿಡಿ, ಒಳಗೆ ಎಷ್ಟೇ ಹೊಳೆಯುತ್ತಿರಲಿ.

ಬಾಯಿಯಲ್ಲಿ ಎರಡು ಉಂಗುರ ಒಂದರೊಳಗೊಂದು ಕಂಡರೆ ಗಾಬರಿ ಬೇಡ. ಬರ್ಮಿಂಗ್‌ಹ್ಯಾಮಿನ ಪಾರ್ಕರ್ ಪದ್ಧತಿಯಲ್ಲಿ .303 ನಳಿಗೆಯನ್ನು ಕೊರೆದು ಒಳಗೆ .22 ಕೊಳವೆ ಕೂರಿಸುತ್ತಿದ್ದರು, ಅದರ ಗುರುತು ಅದು. ಕೊಳವೆ ಅಲುಗಾಡದಿದ್ದರೆ ಸಾಕು.

ಬೋಲ್ಟ್ ಹಿಡಿಯ ಹಿಂದಿರುವ ನಂಬರ್ ಬಾಡಿಯ (ಬೋಲ್ಟ್ ಓಡಾಡುವ ಲೋಹದ ಚೌಕಟ್ಟು) ನಂಬರಿಗೆ ಹೊಂದುತ್ತದೆಯೇ ನೋಡಿ. ಬೋಲ್ಟ್ ತಲೆಯಲ್ಲಿ ತೋಟಾಕ್ಕೆ ಬಡಿಯುವ ಪಿನ್ನಿನ ರಂಧ್ರ ನಟ್ಟನಡುವೆ ಇದ್ದರೆ ಅದು .303ರದು. .22ರಲ್ಲಿ ರಂಧ್ರ ಅಂಚಿಗೆ ಸರಿದಿರಬೇಕು, ಏಕೆಂದರೆ ಈ ತೋಟಾದ ಮಸಾಲೆ ಇರುವುದು ಅಂಚಿನ ಮಡಿಕೆಯಲ್ಲಿ. ಇನ್ನೊಂದು: ಖಾಲಿ ಚೇಂಬರಿನ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಮೇಲೆ ಟ್ರಿಗರ್ ಎಳೆದಾಡಿದ್ದರೆ ಪಿನ್ ಚೇಂಬರ್ ಅಂಚಿಗೇ ಬಡಿದು, ಉಗುರಿಗೆ ತಾಕುವಷ್ಟು ಉಬ್ಬು ಎದ್ದಿರುತ್ತದೆ. ಆಗ ತೋಟಾ ಸಲೀಸಾಗಿ ಒಳಗೆ ಹೋಗದು, ಹೋದದ್ದು ಹೊರಬಾರದು. ಇದನ್ನು ಅರದಿಂದ ಉಜ್ಜಬೇಡಿ. ಉಬ್ಬನ್ನು ಹಿಂದಕ್ಕೆ ಒತ್ತಿ ಸರಿಮಾಡುವ ಉಪಕರಣ ಗನ್‌ಸ್ಮಿತ್ ಬಳಿ ಇರುತ್ತದೆ.

ಪ್ರಶ್ನೆ: ಮ್ಯಾಗಜೀನಿನೊಳಗೆ (ರೈಫಲ್ ಕೆಳಗಿನ ತೋಟಾ ಪೆಟ್ಟಿಗೆ) ಸ್ಪ್ರಿಂಗೂ ಇಲ್ಲ, ತಟ್ಟೆಯೂ ಇಲ್ಲ. ಕಳೆದುಹೋಗಿದೆಯೇ? (ಅಡಿಲೇಡ್)

ಇಲ್ಲ, ಅದು ಹಾಗೆಯೇ ಇರಬೇಕು. ಇದು ಒಂದೊಂದೇ ತೋಟಾ ಹಾಕುವ ರೈಫಲ್. ಆ ಖಾಲಿ ಪೆಟ್ಟಿಗೆ ಇರುವುದು ಹೊಡೆದ ತೋಟಾಗಳ ಖಾಲಿ ಕೇಸುಗಳು ಬೀಳಲಿ ಎಂದು. ತೋಟಾವನ್ನು ಬಾಡಿಯೊಳಗೆ ಸುಮ್ಮನೆ ಹಾಕಿದರೆ ಅದೂ ಕೆಳಗೆ ಬೀಳುತ್ತದೆ. ಬೆರಳ ತುದಿಯಲ್ಲಿ ಹಿಡಿದು, ಗುಂಡಿನ ಮೂತಿಯನ್ನು ಚೇಂಬರಿಗೆ ತೋರಿಸಿ, ಹೆಬ್ಬೆರಳಿಂದ ತಳ್ಳಿ, ಆಮೇಲೆ ಬೋಲ್ಟ್ ಮುಚ್ಚಿ.

ಪ್ರಶ್ನೆ: ಹತ್ತರಲ್ಲಿ ಎರಡು ಮೂರು ತೋಟಾ ಸಿಡಿಯುವುದೇ ಇಲ್ಲ. ತೋಟಾ ಕೆಟ್ಟದ್ದೋ ರೈಫಲ್ಲೋ? (ಮೆಲ್ಬರ್ನ್)

ಸಿಡಿಯದಿದ್ದಾಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ಬಳಿಕ ಬೋಲ್ಟ್ ತೆರೆಯಿರಿ. ಈಗ ಕೇಸಿನ ಅಂಚಿನಲ್ಲಿ ಪಿನ್ ಮಾಡಿದ ಗುರುತು ನೋಡಿ. ಗುರುತು ಆಳವಾಗಿದ್ದೂ ಸಿಡಿದಿಲ್ಲವೆಂದರೆ ಆ ಜಾಗದಲ್ಲಿ ಮಸಾಲೆ ಇರಲಿಲ್ಲ, ದೋಷ ತೋಟಾದ್ದು. ಗುರುತು ತೆಳುವಾಗಿದ್ದರೆ ದೋಷ ರೈಫಲ್ಲಿನದು.

ತೆಳು ಗುರುತಿಗೆ ಮೊದಲ ಕಾರಣ ಗ್ರೀಸು. ಗೋದಾಮಿನಲ್ಲಿಡುವಾಗ ಬಳಿದದ್ದು ಬೋಲ್ಟಿನೊಳಗೆ ಒಣಗಿ ಬೆಲ್ಲದ ಪಾಕದಂತೆ ಅಂಟಿಕೊಂಡು ಸ್ಟ್ರೈಕರನ್ನು (ಪಿನ್ನನ್ನು ಮುಂದಕ್ಕೆ ಬಡಿಯುವ ಕಡ್ಡಿ) ಹಿಡಿದಿಡುತ್ತದೆ. ಬೋಲ್ಟ್ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಒಂದು ಹನಿ ತೆಳು ಎಣ್ಣೆ ಹಾಕಿ. ಅನೇಕ ಬಾರಿ ಕೆಲಸ ಇಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಸ್ಪ್ರಿಂಗ್ ದಣಿದಿದೆ, ಇಲ್ಲವೇ ಪಿನ್ ತುದಿ ಸವೆದಿದೆ, ಇಲ್ಲವೇ ಬೋಲ್ಟ್ ತಲೆಗೂ ಚೇಂಬರಿಗೂ ನಡುವಿನ ಅಂತರ ಹೆಚ್ಚಿದೆ. ಈ ಅಂತರ 0.043 ಇಂಚಿನ ಆಸುಪಾಸು ಇರಬೇಕು. 0.046 ದಾಟಿದರೆ ಪಿನ್ ಹೊಡೆದಾಗ ತೋಟಾ ಮುಂದಕ್ಕೆ ಸರಿದು ಪೆಟ್ಟು ವ್ಯರ್ಥವಾಗುತ್ತದೆ. ಗೇಜಿನಿಂದ ಅಳೆಸಿ.

ಪ್ರಶ್ನೆ: 25 ಗಜದಲ್ಲಿ ಗ್ರೂಪಿಂಗ್ ಚೆನ್ನಾಗಿದೆ (ಗುಂಡುಗಳು ಒತ್ತಾಗಿ ಬೀಳುತ್ತಿವೆ), ಆದರೆ ಎಲ್ಲವೂ ಎರಡು ಇಂಚು ಮೇಲೆ ಬೀಳುತ್ತಿವೆ. ಬ್ಯಾಕ್‌ಸೈಟ್ (ಹಿಂದಿನ ಗುರಿಗುರುತು) ಪೂರ್ತಿ ಕೆಳಗಿದೆ. (ಲೆಸ್ಟರ್)

ಫೋರ್‌ಸೈಟ್ ಬ್ಲೇಡನ್ನು ಎತ್ತರದ್ದಕ್ಕೆ ಬದಲಿಸಿ. ಮುಂದಿನ ಬ್ಲೇಡ್ ಎತ್ತರವಾದರೆ ಗುಂಡು ಕೆಳಗೆ ಬೀಳುತ್ತದೆ. ಬ್ಲೇಡುಗಳು 0.015 ಇಂಚಿನ ಅಂತರದಲ್ಲಿ ಸಿಗುತ್ತವೆ. ಎರಡು ಸೈಟ್‌ಗಳ ನಡುವೆ ಸುಮಾರು 19.3 ಇಂಚು, ಗುರಿಗೆ 900 ಇಂಚು. ಹಾಗಾಗಿ ಒಂದು ಮೆಟ್ಟಿಲಿಗೆ ಗುಂಡು 0.7 ಇಂಚು ಇಳಿಯುತ್ತದೆ. ನಿಮಗೆ ಮೂರು ಮೆಟ್ಟಿಲು ಬೇಕು, ಅಂದರೆ 0.045 ಎತ್ತರ ಹೆಚ್ಚಿರುವ ಬ್ಲೇಡ್. ಅದಕ್ಕೂ ಮುನ್ನ ತೋಟಾ ಯಾವುದೆಂದು ನಿರ್ಧರಿಸಿಕೊಳ್ಳಿ. 40 ಗ್ರೇನ್ ತೂಕದ ಸೀಸದ ಗುಂಡಿನ, ಸೆಕೆಂಡಿಗೆ 1,070 ಅಡಿ ಆಸುಪಾಸಿನ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾ ಈ ರೈಫಲ್‌ಗೆ ಒಪ್ಪುತ್ತದೆ. ಶಬ್ದದ ವೇಗ ದಾಟುವ ತೋಟಾ ತಂದು ಸೈಟ್ ತಿದ್ದುವುದು ವ್ಯರ್ಥ ಶ್ರಮ.

ಪ್ರಶ್ನೆ: ಹಿಂದಿನ ಮರ (ಬಟ್) ಅಲುಗಾಡುತ್ತದೆ. ಒಳಗಿನ ಉದ್ದ ಸ್ಕ್ರೂ ತಿರುಗಿಸಬಹುದೇ? (ಟೊರಾಂಟೊ)

ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ತಿರುಗಿಸಬೇಡಿ! ಆ ಸ್ಕ್ರೂವಿನ ಮುಂದಿನ ತುದಿ ಚೌಕಾಕಾರ. ಅದು ಮುಂದಿನ ಮರದ ಹಿಂಬದಿಯ ಲೋಹದ ತಗಡಿನಲ್ಲಿ ಕೂತಿರುತ್ತದೆ. ಮುಂದಿನ ಮರ ಬಿಚ್ಚದೆ ಇದನ್ನು ತಿರುಗಿಸಿದರೆ ಆ ಚೌಕ ತುದಿ ಮರವನ್ನೇ ಸೀಳುತ್ತದೆ. ಸೀಳಿದ ಮುಂದಿನ ಮರದ ಹಳೆಯ ರೈಫಲ್‌ಗಳು ಸಾಲು ಸಾಲಾಗಿ ಸಿಗುವುದು ಇದೇ ತಪ್ಪಿನಿಂದ. ಮೊದಲು ನೋಸ್‌ಕ್ಯಾಪ್ (ಮುಂದಿನ ಮರದ ತುದಿಯ ಲೋಹದ ಟೋಪಿ), ಬ್ಯಾಂಡು, ಟ್ರಿಗರ್ ಗಾರ್ಡ್ ತೆಗೆದು ಮುಂದಿನ ಮರವನ್ನು ಕೆಳಕ್ಕೆ ನೇರವಾಗಿ ಇಳಿಸಿ. ನಂತರ ಉದ್ದ ಸ್ಕ್ರೂಡ್ರೈವರಿನಿಂದ ಬಿಗಿ ಮಾಡಿ, ಚೌಕ ತುದಿ ಮತ್ತೆ ತಗಡಿಗೆ ಹೊಂದುವಂತೆ ನಿಲ್ಲಿಸಿ, ಉಳಿದದ್ದು ಜೋಡಿಸಿ.

ಪ್ರಶ್ನೆ: ಪ್ರತಿ ಬಾರಿ ಹೊಡೆದ ಮೇಲೆ ನಳಿಗೆಯನ್ನು ಬ್ರಷ್ ಹಾಕಿ ಉಜ್ಜಬೇಕೇ? (ಹುಬ್ಬಳ್ಳಿ, ಈಗ ಲಂಡನ್)

ಬೇಡ. ಇಂದಿನ ತೋಟಾಗಳ ಮಸಾಲೆ ತುಕ್ಕು ಹಿಡಿಸುವುದಿಲ್ಲ, ಗುಂಡಿನ ಮೇಣ ನಳಿಗೆಗೆ ತೆಳುವಾಗಿ ಹತ್ತಿರುವುದೂ ಒಳ್ಳೆಯದೇ. ಹಿಂದಿನಿಂದ ಎಣ್ಣೆಯ ಚಿಂದಿ ಒಂದು, ಒಣ ಚಿಂದಿ ಎರಡು ಸಾಕು. ಚೇಂಬರಿನ ಮುಂದೆ ಮಸಿ ಗಟ್ಟಿಯಾಗಿ ಉಂಗುರ ಕಟ್ಟುತ್ತದೆ, ಅಲ್ಲಿಗೆ ಮಾತ್ರ ಆಗಾಗ ಕಂಚಿನ ಬ್ರಷ್. ಹೊಡೆಯುವಾಗ ಸದ್ದು ಮಂಕಾಗಿ ‘ಪುಸ್’ ಎಂದರೆ ಅಲ್ಲೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಬೋಲ್ಟ್ ತೆಗೆದು ಆಚೆಯ ಬೆಳಕು ಕಂಡ ಮೇಲೆಯೇ ಮುಂದಿನ ತೋಟಾ.

ಪ್ರಶ್ನೆ: ಎನ್‌ಸಿಸಿಯಲ್ಲಿ ಹೊಡೆದ ಅಂಥದ್ದೇ ರೈಫಲ್ ಮೈಸೂರಿನಲ್ಲಿ ಕೊಳ್ಳಬಹುದೇ?

ಎನ್‌ಸಿಸಿಯ ರೈಫಲ್‌ಗಳು ಸರ್ಕಾರದ ಆಸ್ತಿ, ಸಾರ್ವಜನಿಕರಿಗೆ ಮಾರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಪಡೆದರೆ .22 ಸ್ಪೋರ್ಟಿಂಗ್ ರೈಫಲ್ ಕೊಳ್ಳಬಹುದು. ಆ ಬೋರ್ (ನಳಿಗೆಯ ಒಳ ಅಗಲ) ನಿಷೇಧಿತವಲ್ಲ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರಿಗೆ ಎರಡೇ ಬಂದೂಕು. ಅರ್ಜಿಯನ್ನು ಮೈಸೂರು ನಗರದಲ್ಲಾದರೆ ಪೊಲೀಸ್ ಕಮಿಷನರ್ ಕಚೇರಿಗೆ, ಜಿಲ್ಲೆಯ ಉಳಿದೆಡೆ ಜಿಲ್ಲಾಧಿಕಾರಿ ಕಚೇರಿಗೆ ಕೊಡಬೇಕು.