ಸಾಂಕ್ರಾಮಿಕ ರೋಗ ಹರಡಿದಾಗ ಕೆಜಿಎಫ್‌ನಂಥ ಊರಿನ ಚರ್ಚ್‌ಗಳು ಆರಾಧನೆಯನ್ನು ಹೇಗೆ ನಡೆಸಬೇಕು?

ಉಸಿರಿನಿಂದ ಹರಡುವ ರೋಗವಾದರೆ ಮೊದಲು ಯೋಚಿಸಬೇಕಾದ್ದು ಹಾಡಿನ ಬಗ್ಗೆ. ಬೆಂಚು ಒರೆಸುವುದು, ಸ್ಯಾನಿಟೈಸರ್ ಇಡುವುದು ಆಮೇಲಿನ ಮಾತು. 2020ರ ಮಾರ್ಚ್ 10ರಂದು ಅಮೆರಿಕದ ಸ್ಕ್ಯಾಜಿಟ್ ಕೌಂಟಿಯಲ್ಲಿ ಗಾಯನ ತಂಡವೊಂದು ಎರಡೂವರೆ ಗಂಟೆ ಅಭ್ಯಾಸ ನಡೆಸಿತು. ಬಂದಿದ್ದ 61 ಮಂದಿಯಲ್ಲಿ ಒಬ್ಬರಿಗೆ ಆಗಲೇ ರೋಗಲಕ್ಷಣವಿತ್ತು. ಅವರನ್ನೂ ಸೇರಿಸಿ 53 ಜನರದು ಖಚಿತ ಅಥವಾ ಸಂಭಾವ್ಯ ಕೋವಿಡ್ ಪ್ರಕರಣವಾಯಿತು, ಇಬ್ಬರು ತೀರಿಕೊಂಡರು. ಗಟ್ಟಿಯಾಗಿ ಹಾಡುವಾಗ ಹೊರಬೀಳುವ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತವೆ. ಹಾಗಾಗಿ ಕಾಯರ್ ಬದಲು ಒಬ್ಬರೇ ಹಾಡಲಿ, ಆಗುವುದಾದರೆ ಆರಾಧನೆಯೇ ಅಂಗಳಕ್ಕೆ ಬರಲಿ. ತಮಿಳು, ಕನ್ನಡ, ಇಂಗ್ಲಿಷ್ ಆರಾಧನೆಗಳು ಒಂದೇ ಕಟ್ಟಡದಲ್ಲಿ ನಡೆಯುವುದಾದರೆ ನಡುವೆ ಬಿಡುವು ಕೊಟ್ಟು ಕಿಟಕಿಗಳನ್ನೆಲ್ಲ ತೆರೆದಿಡಿ.

ಪ್ರಭುಭೋಜನಕ್ಕೆ, ಅಂದರೆ ಯೇಸುವಿನ ನೆನಪಿನಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಗೆ, ಎಲ್ಲರಿಗೂ ಒಂದೇ ಪಾತ್ರೆ ಬೇಡ. ಕಥೋಲಿಕರ ನಂಬಿಕೆಯಂತೆ ರೊಟ್ಟಿಯೊಂದನ್ನೇ ಸ್ವೀಕರಿಸಿದರೂ ಪರಮಪ್ರಸಾದ (ಪ್ರಭುಭೋಜನಕ್ಕೆ ಅವರ ಹೆಸರು) ಪೂರ್ಣವೇ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥೋಡಿಸ್ಟ್ ಸಭೆಗಳು ಬಿಡಿ ಲೋಟ ಬಳಸಬಹುದು.

ನನಗೆ ಹೆಚ್ಚು ಆತಂಕ ಇರುವುದು ಹಳೆಯ ಗಣಿ ಕಾರ್ಮಿಕರ ಬಗ್ಗೆ. ಚಿನ್ನದ ಗಣಿ 2001ರಲ್ಲೇ ಮುಚ್ಚಿದರೂ ಕಲ್ಲುಧೂಳಿನಿಂದ ಬಂದ ಸಿಲಿಕೋಸಿಸ್ ಶ್ವಾಸಕೋಶ ಬಿಟ್ಟು ಹೋಗುವುದಿಲ್ಲ. ಅಂಥವರನ್ನು ದಯವಿಟ್ಟು ಚರ್ಚ್‌ಗೆ ಒತ್ತಾಯಿಸಬೇಡಿ. ಸ್ಮಾರ್ಟ್‌ಫೋನ್ ಇಲ್ಲದವರನ್ನು ಸಾಮಾನ್ಯ ಫೋನಿನ ಕಾನ್ಫರೆನ್ಸ್ ಕರೆಯಲ್ಲಿ ಸೇರಿಸಿಕೊಂಡು ಪ್ರಾರ್ಥಿಸಬಹುದು. ರೈಲು ನಿಂತರೆ ಬೆಂಗಳೂರಿಗೆ ಕೂಲಿಗೆ ಹೋಗುವವರ ಮನೆಯಲ್ಲಿ ಒಲೆ ಉರಿಯುವುದೇ ಕಷ್ಟ. ಹಬ್ಬದ ಖರ್ಚಿಗೆ ಎತ್ತಿಟ್ಟ ಹಣದಿಂದ ಅವರ ಬಾಗಿಲಿಗೇ ರೇಷನ್ ಮುಟ್ಟಿಸಿ, ಯಾವ ಧರ್ಮದವರು ಎಂದು ಕೇಳದೆ.