ಯಾರ ಮೀಟರ್ ಸುಳ್ಳು?

ಪ್ರಶ್ನೆ: ಸಾಗರದಲ್ಲಿ ನಂದೊಂದು ಸಣ್ಣ ಲೇತ್ ಅಂಗಡಿ ಇದೆ. ಗ್ರೈಂಡ್ ಮಾಡಿದ ಶಾಫ್ಟಿನ ಒರಟುತನ ನಮ್ಮ ಮೀಟರಿನಲ್ಲಿ 0.4 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ಬಂತು. ಕಾರ್ಖಾನೆಯವರು 0.9 ಬಂತು ಅಂತ ವಾಪಸ್ ಕಳಿಸಿದ್ದಾರೆ. ಯಾರ ಮೀಟರ್ ಸುಳ್ಳು ಹೇಳ್ತಿದೆ ಸಾರ್?
— ಓದುಗರೊಬ್ಬರು, ಸಾಗರ

ಉತ್ತರ: ಎರಡೂ ನಿಜ ಹೇಳ್ತಿರಬಹುದು ಮಾರಾಯ್ರೇ. ಮೊದಲು ನಿಮ್ಮ ಮೀಟರಿನಲ್ಲಿ ‘ಕಟ್ ಆಫ್’ ಎಷ್ಟಕ್ಕಿದೆ ನೋಡಿ. ನನ್ನ ಅನುಮಾನ, ನಿಮ್ಮದು 0.25 ಮಿ.ಮೀ., ಅವರದ್ದು 0.8.

ಅಡಿಕೆ ಒಣಗಿಸುವ ಅಂಗಳ ನೆನಪಿಸಿಕೊಳ್ಳಿ. ಸಗಣಿ ಸಾರಿಸಿದ ಮೇಲೆ ಅಂಗೈ ಆಡಿಸಿದರೆ ಎಷ್ಟು ನುಣುಪು! ಒಂದು ಮಳೆ ಹೊಡೆಯಲಿ, ಅಲ್ಲಲ್ಲಿ ನೀರು ನಿಲ್ಲುತ್ತದೆ. ಅಂಗೈಗೆ ಸಿಗದ ತಗ್ಗು ನೀರಿಗೆ ಸಿಕ್ಕಿತು. ಕಟ್ ಆಫ್ ಅಂದರೆ ಆ ಅಂಗೈ ಇದ್ದ ಹಾಗೆ. ಅದಕ್ಕಿಂತ ಉದ್ದದ ಅಲೆಗಳನ್ನು ಮೀಟರ್ ಸೋಸಿಬಿಡುತ್ತದೆ. ಉಳಿದ ಏರಿಳಿತದ ಸರಾಸರಿಯೇ ನೀವು ನೋಡುವ ಆರ್‌ಎ. ಅದು 0.1ರಿಂದ 2 ಮೈಕ್ರಾನ್ ಒಳಗಿದ್ದರೆ ಕಟ್ ಆಫ್ 0.8, ಅಂಥ ಐದು ತುಂಡು, ಒಟ್ಟು 4 ಮಿ.ಮೀ. ಅಳೆಯುವುದು ರೂಢಿ. ಹಾಗಾಗಿ ಈ ಜಗಳದಲ್ಲಿ ನಾನು ಕಾರ್ಖಾನೆಯವರ ಕಡೆ. ಬೇಜಾರಾಗಬೇಡಿ.

ನಾನೂ ಇದರಲ್ಲಿ ಪೆಟ್ಟು ತಿಂದವನೇ. ಶಿವಮೊಗ್ಗದ ಹತ್ತಿರ ಒಂದು ಕಡೆ ಇನ್‌ಸ್ಪೆಕ್ಷನ್ನಿನಲ್ಲಿದ್ದಾಗ ಒಂದಷ್ಟು ಹೈಡ್ರಾಲಿಕ್ ರಾಡ್‌ಗಳಿಗೆ ನಾನೇ ಓಕೆ ಸೀಲ್ ಒತ್ತಿದ್ದೆ. ಆರ್‌ಎ 0.3, ಕನ್ನಡಿ ಥರ ಹೊಳೆಯುತ್ತಿದ್ದವು. ತಿಂಗಳೊಳಗೆ ಎಣ್ಣೆ ಸೋರ್ತಿದೆ ಅಂತ ವಾಪಸ್ ಬಂದವು. ಟ್ಯೂಬ್‌ಲೈಟ್ ಕೆಳಗೆ ಒಂದನ್ನು ಹಿಡಿದು ಮೆಲ್ಲಗೆ ತಿರುಗಿಸಿದೆ. ಬೆಳಕಿನ ಗೆರೆ ನೇರ ಇರಲಿಲ್ಲ, ಸಣ್ಣಗೆ ಬಳುಕುತ್ತಿತ್ತು. ಗ್ರೈಂಡಿಂಗ್ ಚಕ್ರ ಸುರುಳಿಯಾಗಿ ಬಿಟ್ಟುಹೋದ ಅಲೆ, ಒಂದಕ್ಕೊಂದು ಸುಮಾರು 2 ಮಿ.ಮೀ. ದೂರ. ಕಟ್ ಆಫ್ 0.8ರಲ್ಲಿ ಅದು ಬಹುಪಾಲು ಮಾಯ. 2.5ಕ್ಕೆ ಇಟ್ಟು ಅಳೆದೆ, ಸಿಕ್ಕಿಬಿತ್ತು. ಅವತ್ತು ಕೇಳಿದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಸಣ್ಣದರ ಕಡೆಗೂ ಒಂದು ಮಿತಿ ಇದೆ. ಮೀಟರಿನ ವಜ್ರದ ಮೊನೆಯ ದುಂಡು ತ್ರಿಜ್ಯವೇ 2 ಅಥವಾ 5 ಮೈಕ್ರಾನ್. ಅದಕ್ಕಿಂತ ಕಿರಿದಾದ ಸಂದಿಗೆ ಇಳಿಯುವುದಿಲ್ಲ. ಕೆಸುವಿನ ಎಲೆ ಮೇಲೆ ಮಳೆಹನಿ ಅಂಟದೆ ಉರುಳುತ್ತದೆ ಅಲ್ವಾ? ಅಲ್ಲಿ ಸಣ್ಣ ಸಣ್ಣ ಉಬ್ಬು, ಅದರ ಮೇಲೆ ಇನ್ನೂ ಸಣ್ಣ ಮೇಣದ ತರಿ. ಅದನ್ನು ನೋಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ನಿಮ್ಮ ಶಾಫ್ಟಿಗೆ ಅಷ್ಟೆಲ್ಲ ಬೇಡ.

ಸದ್ಯಕ್ಕೆ ನಿಮ್ಮ ಮೀಟರಿನ ಜೊತೆ ಬಂದ, ಒರಟುತನ ಎಷ್ಟೆಂದು ಗೊತ್ತಿರುವ ಮಾದರಿ ತುಂಡಿನ ಮೇಲೆ ಒಮ್ಮೆ ಓಡಿಸಿ ನೋಡಿ. ಮೊನೆ ಸವೆದಿದ್ದರೂ ಲೆಕ್ಕ ಕಮ್ಮಿ ಬರುತ್ತದೆ. ಆಮೇಲೆ ಮೀಟರ್ ಹಿಡಿದುಕೊಂಡು ಅವರಲ್ಲಿಗೇ ಹೋಗಿ. ಎರಡನ್ನೂ 0.8ಕ್ಕೆ ಇಟ್ಟು, ಶಾಫ್ಟಿನ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿ, ಅದೇ ಜಾಗದಲ್ಲಿ ಅಳೆಸಿ.