ಕೈ ಜೋಮು: ಎರಡು ವರದಿ, ಎರಡು ಮಾತು

ಪ್ರಶ್ನೆ: ಹೊಲಿಗೆ ಕೆಲಸ ಮಾಡುತ್ತೇನೆ. ರಾತ್ರಿ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ. ಕೈ ಕೊಡವಿದರೆ ಇಳಿಯುತ್ತದೆ. ಒಂದು ಕಡೆಯ ನರ್ವ್ ಕಂಡಕ್ಷನ್ ವರದಿ ‘ನಾರ್ಮಲ್’, ಇನ್ನೊಂದು ಕಡೆಯದು ‘ಸೌಮ್ಯ ಕಾರ್ಪಲ್ ಟನಲ್ ಸಿಂಡ್ರೋಮ್’. ಯಾವುದನ್ನು ನಂಬಲಿ? (ಪ್ರತಿಗಳನ್ನು ಲಗತ್ತಿಸಿದ್ದೇನೆ.)
– ಓದುಗರು, ದಾವಣಗೆರೆ

ಉತ್ತರ: ಎರಡನೆಯದನ್ನು. ಕಾರ್ಪಲ್ ಟನಲ್ ಎಂದರೆ ಮಣಿಕಟ್ಟಿನ ಇಕ್ಕಟ್ಟಾದ ಸುರಂಗ. ಅದರೊಳಗೆ ಹಾಯುವ ಮೀಡಿಯನ್ ನರ ಒತ್ತಿಕೊಂಡರೆ ಈ ಜೋಮು. ನರದಲ್ಲಿ ಸಂಕೇತ ಎಷ್ಟು ಬೇಗ ಹರಿಯುತ್ತದೆಂದು ನೋಡುವುದೇ ನರ್ವ್ ಕಂಡಕ್ಷನ್. ಮೊದಲನೆಯದರ ಅಳತೆ ಸುಳ್ಳಲ್ಲ, ಸಾಲದು ಅಷ್ಟೆ. ಅಲ್ಲಿ ಮಣಿಕಟ್ಟಿನಲ್ಲಿ ಮೀಡಿಯನ್ ನರಕ್ಕೆ ಕರೆಂಟ್ ಕೊಟ್ಟು, ಹೆಬ್ಬೆರಳ ಬುಡದ ಸ್ನಾಯು ಸ್ಪಂದಿಸಲು ಹಿಡಿದ ಹೊತ್ತನ್ನು ಮಾತ್ರ ನೋಡಿದ್ದಾರೆ: 3.9 ಮಿಲಿಸೆಕೆಂಡ್. ಸಾಮಾನ್ಯ ಮಿತಿ 4.2ರಿಂದ 4.4. ಆದರೆ ಮೊದಲು 3.2 ಇದ್ದವರಿಗೆ 3.9 ಎಂದರೆ ಆಗಲೇ ನಿಧಾನ. ಸಾಲದ್ದಕ್ಕೆ, ಒತ್ತಡಕ್ಕೆ ಸಾಮಾನ್ಯವಾಗಿ ಮೊದಲು ಬಳಲುವುದು ಸ್ಪರ್ಶದ ಎಳೆಗಳು, ಸ್ನಾಯುವಿನವಲ್ಲ.

ಎರಡನೇ ಕಡೆ ಉಂಗುರ ಬೆರಳನ್ನು ಆರಿಸಿಕೊಂಡಿದ್ದಾರೆ. ಆ ಬೆರಳಿಗೆ ಮೀಡಿಯನ್, ಅಲ್ನರ್ (ಕಿರುಬೆರಳ ಕಡೆಯ ನರ) ಎರಡೂ ಬರುತ್ತವೆ. ಆದರೆ ಅಲ್ನರ್ ಕಾರ್ಪಲ್ ಸುರಂಗದೊಳಗೆ ಹಾಯುವುದಿಲ್ಲ. ಎರಡೂ ನರಕ್ಕೆ ಅದೇ ಬೆರಳು, ಅದೇ 14 ಸೆಂ.ಮೀ. ದೂರ, ಅದೇ ಬಿಸಿ. ಹಾಗಾಗಿ ವಯಸ್ಸು, ಎತ್ತರದ ನೆಪ ನಡೆಯದು. ನಿಮ್ಮದು ಮೀಡಿಯನ್ 3.7, ಅಲ್ನರ್ 3.0 ಮಿಲಿಸೆಕೆಂಡ್. ಅಂತರ 0.5 ದಾಟಿದರೆ ಅಸಹಜ, ನಿಮ್ಮದು 0.7. ಅಂಗೈಯಿಂದ ಮಣಿಕಟ್ಟಿಗೆ ಇದೇ ಎರಡು ನರಗಳ 8 ಸೆಂ.ಮೀ. ಹೋಲಿಕೆ (ಮಿತಿ 0.4), ಹೆಬ್ಬೆರಳಲ್ಲಿ ರೇಡಿಯಲ್ ನರದೊಂದಿಗೆ (ಹೆಬ್ಬೆರಳ ಹಿಂಬದಿಯ ನರ) 10 ಸೆಂ.ಮೀ. ಹೋಲಿಕೆ (0.5) ಕೂಡ ಇದೇ ಜಾಡಿನವು. ಒಂದು ಅಂತರ ಗಡಿಯಲ್ಲೇ ನಿಂತರೆ ಮೂರನ್ನೂ ಕೂಡಿಸುತ್ತಾರೆ. ಮೊತ್ತ 1 ಮಿಲಿಸೆಕೆಂಡ್ ಮುಟ್ಟಿದರೆ ಅಸಹಜ. ಒಂಟಿ ಅಂತರಕ್ಕಿಂತ ಇದು ಹೆಚ್ಚು ನೆಚ್ಚಬಹುದಾದ ಲೆಕ್ಕ.

ಹೋಲಿಕೆಯೂ ಕೈಕೊಡುವುದುಂಟು. ಟೇಪು ಅರ್ಧ ಸೆಂ.ಮೀ. ತಪ್ಪಿದರೆ ಸುಮಾರು 0.1 ಮಿಲಿಸೆಕೆಂಡ್ ಏರುಪೇರು. ಕರೆಂಟ್ ಅತಿಯಾದರೆ ಪಕ್ಕದ ನರಕ್ಕೂ ಹರಿದು, ಇರುವ ಅಂತರವೇ ಮಾಯ. ಕೈ 32 ಡಿಗ್ರಿಗಿಂತ ತಣ್ಣಗಿದ್ದರೆ ಎಲ್ಲ ನರವೂ ನಿಧಾನ. ಏಸಿ ಕೋಣೆಯಲ್ಲಿ ಕಾದಿದ್ದರೆ ಮೊದಲು ಬಿಸಿನೀರಲ್ಲಿ ಕೈ ಇಡಿಸಲು ಕೇಳಿ. ಉಂಗುರ ತೆಗೆದಿಡಿ, ಲೋಷನ್ ಹಚ್ಚಬೇಡಿ.

ಸೌಮ್ಯ ಹಂತಕ್ಕೆ ರಾತ್ರಿ ಮಣಿಕಟ್ಟು ನೆಟ್ಟಗಿಡುವ ಸ್ಪ್ಲಿಂಟ್‌ನಿಂದ ಶುರುಮಾಡುವುದು ರೂಢಿ.

ಪ್ರಶ್ನೆ: ಹಳೆಯ ಸಕ್ಕರೆ ಕಾಯಿಲೆ, ಪಾದವೂ ಜೋಮು. ಕೈಬೆರಳಿನ ಸ್ಪರ್ಶ ಸಂಕೇತವೇ ಸಿಗಲಿಲ್ಲವಂತೆ. ಮುಂದೆ?
– ಓದುಗರು, ಗದಗ

ಉತ್ತರ: ‘ಲುಂಬ್ರಿಕಲ್–ಇಂಟರಾಸಿಯಸ್’ ಹೋಲಿಕೆ ಕೇಳಿ. ಇವು ಅಂಗೈಯ ಸಣ್ಣ ಸ್ನಾಯುಗಳು, ಮೊದಲನೆಯದು ಮೀಡಿಯನ್ ನರದ್ದು, ಎರಡನೆಯದು ಅಲ್ನರ್‌ನದು. ಅಂಗೈಯ ಒಂದೇ ಎಲೆಕ್ಟ್ರೋಡಿನಲ್ಲಿ, ಸಮಾನ ದೂರದಿಂದ, ಎರಡೂ ನರಗಳ ಸ್ನಾಯು ಸ್ಪಂದನ ಅಳೆಯುತ್ತಾರೆ. ಸ್ಪರ್ಶ ಸಂಕೇತ ಅಳಿದ ಮೇಲೂ ಇದು ಬಹುಮಟ್ಟಿಗೆ ಸಿಗುತ್ತದೆ. ಮೀಡಿಯನ್ 0.5 ಮಿಲಿಸೆಕೆಂಡಿಗಿಂತ ಹೆಚ್ಚು ಹಿಂದೆ ಬಿದ್ದಿದ್ದರೆ ಸಕ್ಕರೆಯ ಜೊತೆ ಮಣಿಕಟ್ಟಿನ ಒತ್ತಡವೂ ಇರುವ ಸಂಭವ ಹೆಚ್ಚು. ಕಾಲಿನ ನರಗಳನ್ನೂ ಅದೇ ದಿನ ಅಳೆಸಿ.